‘ಮಾದರಿ’ ಅಂದರೆ ಹಾರುವುದೋ, ನಿಲ್ಲಿಸಿಟ್ಟಿದ್ದೋ?

ಎಲ್ಲರಿಗೂ ನಮಸ್ಕಾರ. ಚಹಾದ ಹೊತ್ತಿನ ಜಗಳದಲ್ಲಿ ಹುಟ್ಟಿದ ಪ್ರಶ್ನೆ ಇದು. ಹಾಗಾಗಿ ಜಗಳವನ್ನೇ ಮೊದಲು ಹೇಳಿಬಿಡುತ್ತೇನೆ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿಗೆ ಮರದ ಪ್ಯಾಟರ್ನ್ ಮಾಡಿಕೊಡುವ ಕಡೆ ಕೆಲಸ ಮಾಡುತ್ತೇನೆ. ಮೊನ್ನೆ ಮೊಬೈಲಿನಲ್ಲಿ ಎಎಂಸಿಎ ಫೋಟೊ ತೋರಿಸಿದೆ. ಅದೇ, 2025ರ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ನಿಲ್ಲಿಸಿದ್ದ ನಮ್ಮ ಸ್ಟೆಲ್ತ್ ಯುದ್ಧವಿಮಾನ. ಫೋಟೊ ಕೆಳಗೆ ‘ಅದೃಶ್ಯ ವಿಮಾನದ ಮಾದರಿ ಅನಾವರಣ’ ಅಂತಿತ್ತು. ನಮ್ಮ ಹಿರಿಯ ಮಿಸ್ತ್ರಿ ಕಾಕಾ ಕನ್ನಡಕ ಹಣೆಗೇರಿಸಿ ನೋಡಿದರು.

“ಅದೃಶ್ಯ ಅಂತ ಬರದಾರ. ಮತ್ತ ಫೋಟೊ ಹೆಂಗ ಬಂತು?”

“ರಡಾರಿಗೆ ಕಾಣಂಗಿಲ್ರೀ ಕಾಕಾ, ಕಣ್ಣಿಗೆ ಕಾಣ್ತೈತಿ.”

“ಹಾರ್ತೈತೇನು?”

“ಇಲ್ರೀ, ಇದು ಮಾದರಿ.”

“ಹಂಗಂದ್ರ ಗಣಪತಿ ದೇಖಾವೆ ಇದ್ದಂಗ ಆತು ಬಿಡು. ಥರ್ಮಾಕೋಲ್ ಕೊರದು ಲೈಟ್ ಬಿಟ್ರ ಮುಗೀತು.”

ದೇಖಾವೆ ಅಂದರೆ ನಮ್ಮ ಕಡೆ ಗಣಪತಿ ಹಬ್ಬಕ್ಕೆ ಕಟ್ಟುವ ಅಲಂಕಾರದ ದೃಶ್ಯ. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಆದರೆ ರಾತ್ರಿ ಯೋಚಿಸಿದರೆ ತಪ್ಪು ಕಾಕಾ ಅವರದ್ದಲ್ಲ, ಪದದ್ದು ಅನಿಸಿತು.

ನಮ್ಮ ಕೆಲಸದಲ್ಲಿ ಈ ಗೊಂದಲಕ್ಕೆ ಜಾಗವೇ ಇಲ್ಲ. ಪ್ಯಾಟರ್ನ್ ಅಂದರೆ ಮರದ ಆಕಾರ. ಬೀಡು, ಅಂದರೆ ಎರಕದ ಕಬ್ಬಿಣ, ಆರಿದಾಗ ಕುಗ್ಗುತ್ತದಲ್ಲ, ಅದಕ್ಕೆ ನೂರು ಮಿಲಿಮೀಟರಿಗೆ ಸುಮಾರು ಒಂದರಂತೆ ಜಾಸ್ತಿ ಹಿಡಿದೇ ಮಾಡಿರುತ್ತೇವೆ. ಅದನ್ನು ಮರಳಿನಲ್ಲಿ ಒತ್ತಿ, ತೆಗೆದು, ಆ ಪೊಳ್ಳಿಗೆ ಬೀಡು ಹೊಯ್ದ ಮೇಲೆ ಬರುವ ಮೊದಲ ತುಂಡು ಸ್ಯಾಂಪಲ್. ಪಾರ್ಟಿ, ಅಂದರೆ ಗಿರಾಕಿ, ಅದನ್ನು ಅಳೆದು, ಮಷಿನಿಂಗ್ ಮಾಡಿ ನೋಡಿ, ಪಾಸ್ ಮಾಡಿದ ಮೇಲೆ ಲಾಟ್. ಪ್ಯಾಟರ್ನ್ ಮುಗಿದ ದಿನ ಯಾರಾದರೂ ಫೋನಿನಲ್ಲಿ ‘ಸ್ಯಾಂಪಲ್ ರೆಡಿ’ ಅಂದರೆ ಮುಗಿಯಿತು, ಸಂಜೆಯೇ ಪಾರ್ಟಿ ಗಾಡಿ ತಂದು ಬಾಗಿಲಲ್ಲಿ ನಿಲ್ಲುತ್ತದೆ. ಒಮ್ಮೆ ನಾನೇ ಹೀಗಂದು ಬೈಸಿಕೊಂಡಿದ್ದೇನೆ.

ಈಗ ಕನ್ನಡದ ಸುದ್ದಿ ಓದಿ ನೋಡಿ. ಯಲಹಂಕದಲ್ಲಿ ನಿಂತಿದ್ದೂ ಮಾದರಿ. 2024ರ ಮಾರ್ಚ್‌ನಲ್ಲಿ ಕೇಂದ್ರ 15,000 ಕೋಟಿ ರೂಪಾಯಿ ಕೊಟ್ಟಿದ್ದು ವಿನ್ಯಾಸ ಮುಗಿಸಿ ಐದು ವಿಮಾನ ಕಟ್ಟಿ ಹಾರಿಸಿ ನೋಡಲಿಕ್ಕೆ, ಅವೂ ಮಾದರಿ. 2025ರ ಮೇ ತಿಂಗಳಲ್ಲಿ ರಕ್ಷಣಾ ಸಚಿವರು ಒಪ್ಪಿದ್ದು ಯಾರು ಹೇಗೆ ಕಟ್ಟಬೇಕು ಎಂಬ ವ್ಯವಸ್ಥೆಗೆ. ಅದೂ ‘ಕಾರ್ಯಗತ ಮಾದರಿ’! ಸಾಲದ್ದಕ್ಕೆ ಮಾದರಿ ರೈತ, ಮಾದರಿ ಶಾಲೆ ಬೇರೆ ಇವೆ. ಆ ಲೆಕ್ಕದಲ್ಲಿ ‘ಮಾದರಿ ವಿಮಾನ’ ಅಂದರೆ ಉಳಿದ ವಿಮಾನಗಳು ನೋಡಿ ಕಲಿಯಬೇಕಾದದ್ದು.

ಬೇರೆ ಪದ ಹುಡುಕಿದೆ. ‘ಅಣಕು ಕಾರ್ಯಾಚರಣೆ’ ಬಳಕೆಯಲ್ಲಿದೆ, ಆದರೆ ಅಣಕು ವಿಮಾನ ಅಂದರೆ ಕಾಕಾಗೆ ಇನ್ನೂ ಖುಷಿ. ಪ್ರತಿಕೃತಿ ಅನ್ನಲು ಮೊದಲು ಮೂಲ ಇರಬೇಕು. ಅದೂ ಅಲ್ಲದೆ ನಮ್ಮೂರಿನವರು ಪ್ರತಿಕೃತಿ ಅಂದ ಕೂಡಲೇ ಚನ್ನಮ್ಮ ವೃತ್ತದಲ್ಲಿ ಸುಡುವುದನ್ನು ನೆನೆಯುತ್ತಾರೆ. ನಮ್ಮ ‘ನಮೂನಿ’ ಒಳ್ಳೆ ಪದವೇ, ಆದರೆ ‘ಇಂವ ಒಂದ್ ನಮೂನಿ ಅದಾನ’ ಎಂಬ ಮಾತು ಅದನ್ನು ಕೆಡಿಸಿಬಿಟ್ಟಿದೆ. ನಾನೇ ಎರಡು ಪದ ಕಟ್ಟಿದೆ: ನಿಲ್ಲಿಸಿ ತೋರಿಸುವುದಕ್ಕೆ ‘ನಿಲುಮಾದರಿ’, ಹಾರಿಸಿ ನೋಡುವುದಕ್ಕೆ ‘ಹಾರುಮಾದರಿ’. ಎರಡು ದಿನ ಹೆಮ್ಮೆಯಿಂದ ಓಡಾಡಿದೆ. ಆಮೇಲೆ ನಮ್ಮ ಹಳೆಯ ಯುದ್ಧವಿಮಾನ ಮಾರುತ್ ನೆನಪಾಯಿತು. ಬೆಂಗಳೂರಿನಲ್ಲಿ ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟಾಂಕ್ ಅವರ ತಂಡ ಆ ಎಚ್‌ಎಫ್-24 ಕಟ್ಟುವ ಮುಂಚೆ, 1959ರಲ್ಲಿ, ಅದೇ ಅಳತೆಯ ಮರದ ಗ್ಲೈಡರ್ ಮಾಡಿತ್ತು. ಎಂಜಿನ್ ಇಲ್ಲ. ಡಕೋಟ ವಿಮಾನಕ್ಕೆ ಕಟ್ಟಿ ಎಳೆದೊಯ್ದು ಮೇಲೆ ಬಿಡುತ್ತಿದ್ದರು. ಮರದ್ದು, ಆದರೂ ಹಾರಿತು! ಅದನ್ನು ಏನಂತ ಕರೆಯೋಣ?

ಪದ ಸರಿಹೋದರೆ ಅನುಮಾನವೆಲ್ಲ ಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಮರುದಿನ ಕಾಕಾ ಕೇಳಿದ ಪ್ರಶ್ನೆಗೆ ಯಾವ ನಿಘಂಟೂ ಉತ್ತರ ಕೊಡುವುದಿಲ್ಲ. “ಸ್ವದೇಶಿ ಅಂತೀರಿ, ಎಂಜಿನ್ ಯಾರದು?” ಎಎಂಸಿಎಯ ಮೊದಲ ವಿಮಾನಗಳಿಗೆ ಅಮೆರಿಕದ ಜಿಇ ಎಫ್-414. ಮಾರುತ್‌ಗೂ ತಕ್ಕ ಎಂಜಿನ್ ಕೊನೆವರೆಗೂ ಸಿಗಲಿಲ್ಲ. ತೇಜಸ್ ಯೋಜನೆ ಶುರುವಾಗಿದ್ದು 1983ರಲ್ಲಿ, ವಿಮಾನವನ್ನು ಹೊರಗೆ ತಂದು ತೋರಿಸಿದ್ದು 1995ರಲ್ಲಿ, ಮೊದಲು ಹಾರಿದ್ದು 2001ರ ಜನವರಿ 4ರಂದು, ವಾಯುಪಡೆಯ ಸ್ಕ್ವಾಡ್ರನ್ ಸೇರಿದ್ದು 2016ರಲ್ಲಿ. ತೋರಿಸಿದ ದಿನದಿಂದ ಹಾರಿದ ದಿನಕ್ಕೇ ಐದು ವರ್ಷದ ಮೇಲಾಯಿತು. ಇಲ್ಲಿ ಕಾಕಾ ಪರ ನಾನೂ ಕೈ ಎತ್ತುತ್ತೇನೆ.

ಆದರೆ ‘ದೇಖಾವೆ’ ಮಾತು ಒಪ್ಪಲಾರೆ. ಆ ಪದ ಒಪ್ಪುವುದು ಇರಾನಿನ ಕಾಹೆರ್-313ಕ್ಕೆ. 2013ರ ಫೆಬ್ರುವರಿಯಲ್ಲಿ ಅದನ್ನು ನಿಜವಾದ ವಿಮಾನ ಅಂತಲೇ ತೋರಿಸಿದರು. ಗಾಳಿ ಒಳಗೆ ಹೋಗುವ ಬಾಯಿ ತೀರಾ ಸಣ್ಣದು, ಪೈಲಟ್ ಕೂರುವ ಜಾಗವೂ ಇಕ್ಕಟ್ಟು ಅಂತ ತಿಳಿದವರು ನಕ್ಕರು. ಬೆಟ್ಟದ ಮೇಲೆ ಹಾರುವ ಚಿತ್ರ ಅಂಟಿಸಿದ್ದು ಅಂತ ಆಮೇಲೆ ಗೊತ್ತಾಯಿತು. ಯಲಹಂಕದಲ್ಲಿ ಯಾರೂ ಇದು ಹಾರುತ್ತದೆ ಅಂದಿರಲಿಲ್ಲ. ಹಾಗೆ ಅನಿಸುವಂತೆ ಮಾಡಿದ್ದು ನಮ್ಮ ಒಂದು ಪದ.

‘ಅದೃಶ್ಯ’ದ ಬಗ್ಗೆಯೂ ಎರಡು ಮಾತು. ಬಿದ್ದ ರಡಾರ್ ಅಲೆ ವಾಪಸ್ ಹೋಗದಂತೆ ಮೈಯನ್ನು ಓರೆ ಮಾಡುತ್ತಾರೆ, ಬಾಂಬನ್ನು ಹೊಟ್ಟೆಯೊಳಗೆ ಇಡುತ್ತಾರೆ. ಕಾಣುವುದು ಕಡಿಮೆ ಆಗುತ್ತದೆ, ಅಷ್ಟೇ. 1999ರಲ್ಲಿ ಸರ್ಬಿಯಾದವರು ಅಮೆರಿಕದ ಎಫ್-117 ಅನ್ನು ಹೊಡೆದು ಕೆಡವಿದ್ದರಲ್ಲ. ‘ರಡಾರ್ ಕಣ್ತಪ್ಪಿಸುವ’ ಅಂದರೆ ಸಾಕು ಅನಿಸುತ್ತದೆ, ತಪ್ಪಿಸಿಕೊಳ್ಳುವವನು ಸಿಕ್ಕಿಬೀಳಲೂಬಹುದು.

ಮುಖ್ಯ ಪ್ರಶ್ನೆ ಮಾತ್ರ ಹಾಗೇ ಇದೆ. ತೇರು ಕಟ್ಟುವವರು, ಕರಾವಳಿಯಲ್ಲಿ ದೋಣಿ ಮಾಡುವವರು ದೊಡ್ಡ ಕೆಲಸಕ್ಕೆ ಮುಂಚೆ ಮಾಡಿ ನೋಡುವುದಕ್ಕೆ ಏನನ್ನುತ್ತಾರೆ? ಗೊತ್ತಿದ್ದವರು ದಯವಿಟ್ಟು ಬರೆಯಿರಿ. ಕಾಕಾ ಅಂತೂ “ಸುಮ್ನ ಪ್ಯಾಟರ್ನ್ ಅಂತ ಬರಿ, ಎಲ್ಲಾರ್ಗೂ ತಿಳೀತೈತಿ” ಅನ್ನುತ್ತಿದ್ದಾರೆ.