ಸಹಾಯ ಬೇಕು: ಸುಲಭ ಪ್ರಶ್ನೆಗಳನ್ನು ತೆಗೆದರೆ ವಿಶ್ವಾಸಾರ್ಹತೆ ಏರುತ್ತೆ, ಸಪ್ರಮಾಣತೆ (ಅಳೆಯಬೇಕಾದ್ದನ್ನೇ ಅಳೆಯೋದು) ಹೋಗುತ್ತೆ

ನಮಸ್ಕಾರ. 40 ಬಹು ಆಯ್ಕೆ ಪ್ರಶ್ನೆಗಳ ಸಾಧನಾ ಪರೀಕ್ಷೆ, ಪ್ರಾಯೋಗಿಕವಾಗಿ 100 ವಿದ್ಯಾರ್ಥಿಗಳಿಗೆ ಕೊಟ್ಟಿದ್ದು. ಕೆಆರ್-20 (ವಿಶ್ವಾಸಾರ್ಹತೆ, ಅಂದರೆ ಅಂಕಗಳು ಎಷ್ಟು ಸ್ಥಿರ ಅಂತ ಹೇಳೋ ಸಂಖ್ಯೆ; 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೇದು) ಬಂದಿರೋದು 0.64. ತಾರತಮ್ಯ ಸೂಚ್ಯಂಕ (ಹೆಚ್ಚು ಅಂಕದ ಗುಂಪಲ್ಲೂ ಕಡಿಮೆ ಅಂಕದ ಗುಂಪಲ್ಲೂ ಸರಿ ಬರೆದವರ ಪ್ರಮಾಣದ ವ್ಯತ್ಯಾಸ) 0.20ಕ್ಕಿಂತ ಕಡಿಮೆ ಇರೋ 9 ಪ್ರಶ್ನೆ ತೆಗೆದರೆ 0.73 ಆಗುತ್ತೆ. ಆದರೆ ಅದರಲ್ಲಿ 6 ಒಂದೇ ಘಟಕದವು. ತೆಗೆದರೆ ನೀಲನಕ್ಷೆಯಲ್ಲಿ (ಯಾವ ಘಟಕಕ್ಕೆ ಎಷ್ಟು ಪ್ರಶ್ನೆ ಅನ್ನೋ ಯೋಜನೆ) ಆ ಘಟಕಕ್ಕೆ ಉಳಿಯೋದು ಒಂದೇ ಪ್ರಶ್ನೆ.

ಆ ಆರೂ ತುಂಬಾ ಸುಲಭ, 95 ಜನ ಸರಿ ಬರೆದಿದ್ದಾರೆ. ತಪ್ಪು ಮಾಡಿದ ಐವರೂ ಅತಿ ಕಡಿಮೆ ಅಂಕದ 27 ಜನರ ಗುಂಪಲ್ಲೇ ಇದ್ದರೂ ಸೂಚ್ಯಂಕ 5/27, ಅಂದರೆ 0.19 ದಾಟಲ್ಲ. ಹಾಗಿದ್ದ ಮೇಲೆ ಪ್ರಶ್ನೆ ಕೆಟ್ಟದ್ದು ಅನ್ನೋದು ಅನ್ಯಾಯ ಅಲ್ವಾ?

ಉತ್ತರಸೂಚಿ ಮತ್ತೆ ನೋಡಿದ್ದಾಯ್ತು, ಸರಿಯಿದೆ. ಸಮ-ಬೆಸ ಅರ್ಧವಿಭಜನೆಯಲ್ಲಿ (ಸಮ, ಬೆಸ ಸಂಖ್ಯೆಯ ಪ್ರಶ್ನೆಗಳನ್ನು ಎರಡು ಅರ್ಧ ಮಾಡಿ ಅಂಕ ಹೋಲಿಸೋ ವಿಧಾನ) ವಿಶ್ವಾಸಾರ್ಹತೆ 0.81 ಬಂತು, ಆದರೆ ಒಂದೇ ಗದ್ಯಭಾಗದ ಪ್ರಶ್ನೆಗಳು ಎರಡೂ ಅರ್ಧಕ್ಕೆ ಹಂಚಿಹೋಗಿರೋದರಿಂದ ಅದು ಉಬ್ಬಿದ ಸಂಖ್ಯೆ, ನಂಬೋ ಹಾಗಿಲ್ಲ. ಪ್ರಶ್ನೆಗಳ ಸಂಖ್ಯೆ ಬದಲಾದರೆ ವಿಶ್ವಾಸಾರ್ಹತೆ ಎಷ್ಟಾಗುತ್ತೆ ಅಂತ ಹೇಳೋ ಸ್ಪಿಯರ್‌ಮನ್-ಬ್ರೌನ್ ಸೂತ್ರದ ಪ್ರಕಾರ 0.70 ಮುಟ್ಟೋಕೆ ಇದೇ ಗುಣಮಟ್ಟದ ಸುಮಾರು 53 ಪ್ರಶ್ನೆ ಬೇಕು. ಅಷ್ಟಾದರೆ ಒಂದು ಪೀರಿಯಡ್‌ನಲ್ಲಿ ಮುಗಿಯಲ್ಲ, ವೇಗದ ಪರೀಕ್ಷೆ ಆಗಿಬಿಡುತ್ತೆ.

ಈಗ ಯಾವುದು ಸರಿ: ಆ 6 ಉಳಿಸಿಕೊಂಡು 0.64 ಅನ್ನೇ ವರದಿ ಮಾಡೋದಾ, ಇಲ್ಲಾ ಅದೇ ಕಲಿಕಾ ಉದ್ದೇಶಕ್ಕೆ ಸ್ವಲ್ಪ ಕಠಿಣ ಪ್ರಶ್ನೆ ಬರೆದು ಹೊಸ ಗುಂಪಿನ ಮೇಲೆ ಮತ್ತೆ ಪ್ರಾಯೋಗಿಕ ಪರೀಕ್ಷೆ ಮಾಡೋದಾ? ಕಾರಣ ಸಮೇತ ತಿಳಿಸಿ.