ಹಳೆಯ ಆಲ್ಬಮ್ ಒಂದು ಕೈಸೇರಿದೆ, ವಾರಸುದಾರರನ್ನು ಹುಡುಕುವುದು ಹೇಗೆ?

ಪ್ರಶ್ನೆ (ಹಳೆಹಾಳೆ):
ಬಳಸಿದ ಪುಸ್ತಕಗಳ ಕಟ್ಟೊಂದನ್ನು ಕೊಂಡಾಗ ಅದರ ಜೊತೆಯಲ್ಲಿ ಯಾವುದೋ ಕುಟುಂಬದ ಭಾವಚಿತ್ರಗಳ ಆಲ್ಬಮ್ ಒಂದು ಬಂದಿದೆ. ದಪ್ಪ ರಟ್ಟಿಗೆ ಅಂಟಿಸಿದ ಕಂದುಬಣ್ಣದ ಚಿತ್ರಗಳಿಂದ ಹಿಡಿದು, ಅಂಚಿನಲ್ಲಿ ತಿಂಗಳು ಮತ್ತು ವರ್ಷ ಅಚ್ಚಾಗಿರುವ ಬಣ್ಣದ ಚಿತ್ರಗಳವರೆಗೆ ಮೂರು ನಾಲ್ಕು ತಲೆಮಾರುಗಳು ಅದರಲ್ಲಿವೆ. ಕೆಲವು ಚಿತ್ರಗಳ ಹಿಂಬದಿಯಲ್ಲಿ ಸ್ಟುಡಿಯೋದ ವಿಳಾಸವಿದೆ, ಬೆರಳೆಣಿಕೆಯಷ್ಟರಲ್ಲಿ ಪೆನ್ಸಿಲಿನಿಂದ ಬರೆದ ಹೆಸರುಗಳಿವೆ. ಮಾರಿದವರಿಗೆ ಇದು ಎಲ್ಲಿಂದ ಬಂತೆಂದು ತಿಳಿಯದು. ಇದನ್ನು ಆ ಕುಟುಂಬದವರಿಗೆ ತಲುಪಿಸುವ ಆಸೆಯಿದೆ. ಎಲ್ಲ ಚಿತ್ರಗಳನ್ನೂ ಸಾಮಾಜಿಕ ಜಾಲತಾಣದಲ್ಲಿ ಹಾಕಿಬಿಡುವುದು ಸರಿಯಾದೀತೇ?

ಉತ್ತರ (ದಾಖಲೆಪ್ರಿಯ):
ಮೊದಲು ಯಾವ ಚಿತ್ರವನ್ನೂ ಕೀಳಬೇಡಿ. ಯಾರ ಪಕ್ಕದಲ್ಲಿ ಯಾರ ಚಿತ್ರವಿದೆ ಎಂಬುದೇ ಒಂದು ಸುಳಿವಾದ್ದರಿಂದ, ಪ್ರತಿ ಪುಟವನ್ನೂ ಇದ್ದ ಹಾಗೆಯೇ ಒಮ್ಮೆ ಚಿತ್ರೀಕರಿಸಿ, ಅನಂತರ ಸುಲಭವಾಗಿ ಹೊರಬರುವ ಚಿತ್ರಗಳ ಎರಡೂ ಬದಿಗಳನ್ನು 600 ಡಿಪಿಐ (ಅಂಗುಲಕ್ಕೆ 600 ಚುಕ್ಕಿ) ಮಟ್ಟದಲ್ಲಿ ಸ್ಕ್ಯಾನ್ ಮಾಡಿ. ಹಿಂಬದಿಯನ್ನು ಬಿಟ್ಟವರು ಅರ್ಧ ಮಾಹಿತಿಯನ್ನು ಕಳೆದುಕೊಂಡಂತೆಯೇ.

ಕಾಲನಿರ್ಣಯಕ್ಕೆ ರಟ್ಟಿನ ಅಳತೆ ನೆರವಾಗುತ್ತದೆ. ಸುಮಾರು 64×100 ಮಿಲಿಮೀಟರ್ ಗಾತ್ರದ ಚಿಕ್ಕ ರಟ್ಟಾದರೆ ಅದು ಕಾರ್ಟ್ ದ ವಿಸಿಟ್, ಅಂದರೆ ಭೇಟಿಚೀಟಿಯಂತಹ ಚಿಕ್ಕ ಭಾವಚಿತ್ರ. ಪ್ಯಾರಿಸ್ಸಿನ ಛಾಯಾಗ್ರಾಹಕ ಡಿಸ್ದೇರಿ 1854ರಲ್ಲಿ ಇದಕ್ಕೆ ಪೇಟೆಂಟ್ ಪಡೆದ ಮೇಲೆ ಈ ಬಗೆಯ ಚಿತ್ರಗಳು ಜಗತ್ತಿನಾದ್ಯಂತ ಹರಡಿದವು. ಸುಮಾರು 108×165 ಮಿಲಿಮೀಟರ್ ಇದ್ದರೆ ಅದು ಕ್ಯಾಬಿನೆಟ್ ಕಾರ್ಡ್, ಅಂದರೆ 1860ರ ದಶಕದ ಉತ್ತರಾರ್ಧದಿಂದ ಈಚೆಗಿನದು. ಸ್ಟುಡಿಯೋಗಳು ಆಗಾಗ ಜಾಗ ಬದಲಿಸುತ್ತಿದ್ದುದರಿಂದ, ಆ ಊರಿನ ಹಳೆಯ ವ್ಯಾಪಾರಿ ಡೈರೆಕ್ಟರಿಗಳು ಸಿಕ್ಕರೆ ಆ ವಿಳಾಸದಲ್ಲಿ ಅದು ಇದ್ದ ವರ್ಷಗಳನ್ನು ಗುರುತಿಸಬಹುದು. ಬಣ್ಣದ ಚಿತ್ರಗಳ ಅಂಚಿನಲ್ಲಿರುವ ತಿಂಗಳು ಚಿತ್ರವನ್ನು ತೊಳೆಸಿದ ಕಾಲವನ್ನು ಹೇಳುತ್ತದೆಯೇ ಹೊರತು ತೆಗೆದ ದಿನವನ್ನಲ್ಲ. ಕ್ಯಾಮೆರಾದೊಳಗಿನ ರೀಲು ಮುಗಿಯಲು ಕೆಲವು ಮನೆಗಳಲ್ಲಿ ಎರಡು ಹಬ್ಬಗಳು ಬೇಕಾಗುತ್ತಿದ್ದವು!

ಉತ್ತರ (ವಂಶವೃಕ್ಷ):
ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ಆದರೆ ಹುಡುಕಾಟವನ್ನು ಅತ್ಯಂತ ಹಳೆಯ ಚಿತ್ರದಿಂದ ಆರಂಭಿಸಬೇಡಿ. ನೋಡಲು ಅದೇ ಸೊಗಸಾದದ್ದು, ಆದರೆ ವಾರಸುದಾರರನ್ನು ಹುಡುಕಲು ಬಹುಮಟ್ಟಿಗೆ ಅದರಿಂದಲೇ ಅತಿ ಕಡಿಮೆ ಪ್ರಯೋಜನ. ವಂಶಾವಳಿ ಬರೆಯುವವರು ತಮ್ಮಿಂದ ಹಿರಿಯರ ಕಡೆಗೆ ಏರುತ್ತಾರೆ. ನೀವು ಹಿರಿಯರಿಂದ ಬದುಕಿರುವವರ ಕಡೆಗೆ ಇಳಿಯಬೇಕು. ಆದ್ದರಿಂದ ಕೊನೆಯ ಪುಟಗಳ ಮದುವೆ, ಶಾಲೆ, ಕಚೇರಿಯ ಗುಂಪುಚಿತ್ರಗಳಲ್ಲಿ ಕಾಣುವ ಫಲಕಗಳನ್ನೂ ವಾಹನಗಳ ನೋಂದಣಿ ಸಂಖ್ಯೆಗಳನ್ನೂ ಮೊದಲು ಗಮನಿಸಿ.

ಜನಗಣತಿಯ ದಾಖಲೆಗಳು ಒಂದು ಹಂತದವರೆಗೆ ಮಾತ್ರ ದಾರಿ ತೋರಿಸುತ್ತವೆ. ವ್ಯಕ್ತಿಗಳ ಹೆಸರಿರುವ ಹಾಳೆಗಳನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 100 ವರ್ಷ, ಅಮೆರಿಕದಲ್ಲಿ 72 ವರ್ಷ ಮುಚ್ಚಿಡುವುದರಿಂದ, ಇಂಗ್ಲೆಂಡ್ ಮತ್ತು ವೇಲ್ಸ್‌ನ 1921ರ ಹಾಗೂ ಅಮೆರಿಕದ 1950ರ ಗಣತಿಗಳು ತೆರೆದದ್ದೇ 2022ರಲ್ಲಿ. ಅಲ್ಲಿಂದ ಇಂದಿನವರೆಗಿನ ಅಂತರವನ್ನು ದಾಟಿಸುವುದು ಪತ್ರಿಕೆಗಳಲ್ಲಿ ಬರುವ ನಿಧನವಾರ್ತೆ, ಏಕೆಂದರೆ ಅದರಲ್ಲಿ ಅಗಲಿದವರ ಮಕ್ಕಳು, ಸೊಸೆಯಂದಿರು, ಅಳಿಯಂದಿರ ಹೆಸರುಗಳು ಒಟ್ಟಿಗೆ ಸಿಗುವುದುಂಟು. ಮದುವೆಯ ನಂತರ ಹೆಸರು ಬದಲಾದ ಹೆಣ್ಣುಮಕ್ಕಳ ಕವಲು ಬೇರೆಡೆ ತಪ್ಪಿಹೋಗುವುದೇ ಹೆಚ್ಚು. ಆಲ್ಬಮ್‌ಗಳನ್ನು ಜೋಪಾನ ಮಾಡಿದವರು ಅನೇಕ ಬಾರಿ ಅವರೇ ಆಗಿರುತ್ತಾರೆ. ಫ್ಯಾಮಿಲಿಸರ್ಚ್‌ನಂತಹ ಉಚಿತ ವಂಶಾವಳಿ ತಾಣಗಳಲ್ಲಿ ಬದುಕಿರುವವರ ವಿವರ ಮರೆಯಾಗಿರುತ್ತದೆ. ಆದುದರಿಂದ ಆ ವಂಶದ ಮಾಹಿತಿಯನ್ನು ಸೇರಿಸಿದವರಿಗೆ ತಾಣದ ಮೂಲಕವೇ ಸಂದೇಶ ಕಳುಹಿಸಿ.

ಉತ್ತರ (ನೆಗೆಟಿವ್):
ಜಾಲತಾಣದ ಬಗ್ಗೆ ಯಾರೂ ಉತ್ತರಿಸಿಲ್ಲ. ಎಲ್ಲವನ್ನೂ ಹಾಕಬೇಡಿ. ಮುದ್ರಿತ ಪ್ರತಿ ನಿಮ್ಮದಾದ ಮಾತ್ರಕ್ಕೆ ಅದರ ಕೃತಿಸ್ವಾಮ್ಯ ನಿಮ್ಮದಾಗುವುದಿಲ್ಲ. ಇತ್ತೀಚಿನ ಚಿತ್ರಗಳಲ್ಲಿರುವ ಮಕ್ಕಳು ಇಂದು ಬದುಕಿರುವ ಹಿರಿಯರೂ ಆಗಿರಬಹುದು. ಎರಡು ಮೂರು ಹಳೆಯ ಗುಂಪುಚಿತ್ರಗಳು ಸಾಕು. ಹಿಂಬದಿಯ ಹೆಸರುಗಳಲ್ಲಿ ಒಂದೆರಡನ್ನು ಪ್ರಕಟಿಸದೆ ಇಟ್ಟುಕೊಂಡರೆ, ತಮ್ಮದೆಂದು ಹೇಳಿಕೊಂಡು ಬಂದವರನ್ನು ಪರೀಕ್ಷಿಸಲು ಅನುಕೂಲ.

ಜಾಲತಾಣವೊಂದೇ ದಾರಿಯೂ ಅಲ್ಲ. 2011ರ ಮಾರ್ಚ್‌ನಲ್ಲಿ ಜಪಾನಿನ ಈಶಾನ್ಯ ಕರಾವಳಿಗೆ ಸುನಾಮಿ ಅಪ್ಪಳಿಸಿದ ಮೇಲೆ, ಸ್ವಯಂಸೇವಕರು ಕೆಸರಿನಿಂದ ಲಕ್ಷಾಂತರ ಚಿತ್ರಗಳನ್ನು ಎತ್ತಿ, ನೀರಿನಲ್ಲಿ ತೊಳೆದು ಒಣಗಿಸಿ, ಜನರು ಬಂದು ಗುರುತಿಸಲೆಂದು ಪ್ರದರ್ಶನಕ್ಕಿಟ್ಟರು. ನಿಮ್ಮ ಚಿತ್ರಗಳ ಊರು ಖಚಿತವಾದರೆ, ಅಲ್ಲಿನ ಗ್ರಂಥಾಲಯದಲ್ಲೋ ಸ್ಥಳೀಯ ಇತಿಹಾಸ ಸಂಘದಲ್ಲೋ ಕೆಲವು ಪ್ರತಿಗಳನ್ನು ತೋರಿಸಿ ನೋಡಿ. ಬಂಧುಗಳು ಗುರುತಿಸದ ಮುಖವನ್ನು ಹಳೆಯ ನೆರೆಮನೆಯವರು ಗುರುತಿಸುವುದುಂಟು.

ಪ್ರಶ್ನೆ ಕೇಳಿದವರು (ಹಳೆಹಾಳೆ):
ಎಲ್ಲರಿಗೂ ಧನ್ಯವಾದಗಳು. ಕೊನೆಯ ಪುಟಗಳಿಂದಲೇ ಆರಂಭಿಸುತ್ತೇನೆ. ಒಂದು ವೇಳೆ ಎರಡು ಕವಲುಗಳವರೂ ಆಲ್ಬಮ್ ತಮಗೇ ಬೇಕೆಂದರೆ ಏನು ಮಾಡಬೇಕು?

ಉತ್ತರ (ವಂಶವೃಕ್ಷ):
ಸ್ಕ್ಯಾನ್ ಪ್ರತಿಗಳನ್ನು ಇಬ್ಬರಿಗೂ ಪೂರ್ತಿಯಾಗಿ ಕೊಡಿ, ಮೂಲವನ್ನು ಮಾತ್ರ ಹಂಚಬೇಡಿ. ಅದು ಯಾರ ಬಳಿ ಇರಬೇಕೆಂಬುದನ್ನು ಅವರೇ ಮಾತಾಡಿಕೊಂಡು ತಿಳಿಸುವವರೆಗೆ ನಿಮ್ಮಲ್ಲೇ ಇರಲಿ. ಯಾರಾದರೂ ತಮಗೆ ಬೇಡವೆಂದರೆ ಕಾರಣ ಕೇಳಲು ಹೋಗಬೇಡಿ, ಮುಂದಿನ ಕವಲಿನವರನ್ನು ವಿಚಾರಿಸಿ.