ಶೀತಲ ಸಮರದ ನಡುವೆ ಅಂತಾರಾಷ್ಟ್ರೀಯ ಭೂಭೌತ ವರ್ಷ: ಹಂಚಿಕೊಂಡದ್ದೆಷ್ಟು, ಮುಚ್ಚಿಟ್ಟದ್ದೆಷ್ಟು?

ಪ್ರಶ್ನೆ: ತೀರ್ಥಹಳ್ಳಿ ಮೇಷ್ಟ್ರು

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು. 1957ರ ಜುಲೈ 1ರಿಂದ 1958ರ ಡಿಸೆಂಬರ್ 31ರವರೆಗೆ ನಡೆದ, ಹೆಸರಿಗೆ ವರ್ಷವಾದರೂ ಹದಿನೆಂಟು ತಿಂಗಳಿದ್ದ ಅಂತಾರಾಷ್ಟ್ರೀಯ ಭೂಭೌತ ವರ್ಷದಲ್ಲಿ 67 ದೇಶಗಳು ಸೇರಿ ಭೂಮಿಯನ್ನು ಅಭ್ಯಸಿಸಿದವು ಎಂದು ಕಳೆದ ವಾರ ಪಾಠದಲ್ಲಿ ಹೇಳಿದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, ‘ಸರ್, ಆಗ ಅಮೆರಿಕಕ್ಕೂ ರಷ್ಯಾಕ್ಕೂ ಮುಖ ಕೊಟ್ಟು ಮಾತೇ ಇರಲಿಲ್ಲ ಎಂದು ಸಮಾಜ ಪಾಠದಲ್ಲಿ ಹೇಳಿದ್ದಾರಲ್ಲ?’ ಎಂದು ಕೇಳಿದಳು. ನಾಳೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ನಾನು ಓದಿದ ಬರಹಗಳಲ್ಲಿ ಕೆಲವು ಅದನ್ನು ವಿಶ್ವಭ್ರಾತೃತ್ವದ ಹಬ್ಬವೆಂದು ಹೊಗಳುತ್ತವೆ, ಉಳಿದವು ಉಪಗ್ರಹ ಪೈಪೋಟಿಗೆ ಹೊದಿಸಿದ ಮುಸುಕು ಎನ್ನುತ್ತವೆ. ನಿಜಕ್ಕೂ ಏನನ್ನು ಹಂಚಿಕೊಂಡರು, ಏನನ್ನು ಮುಚ್ಚಿಟ್ಟರು? ಅದರಲ್ಲಿ ಭಾರತಕ್ಕೆ ಪಾಲಿತ್ತೇ?

ಉತ್ತರ: ಕಾಂತಸೂಚಿ

ಮೇಷ್ಟ್ರೇ, ಆ ಹುಡುಗಿಯ ಪ್ರಶ್ನೆಗೆ ಉತ್ತರವನ್ನು ಅಳತೆಯ ಕೆಲಸದಲ್ಲೇ ಹುಡುಕಬೇಕು. ಸೂರ್ಯನಲ್ಲಿ ದೊಡ್ಡ ಸ್ಫೋಟವಾದ ಒಂದೆರಡು ದಿನಗಳಲ್ಲಿ ಭೂಮಿಯ ಕಾಂತಕ್ಷೇತ್ರ ಎಲ್ಲೆಡೆ ಒಟ್ಟಿಗೆ ಅಲುಗುತ್ತದೆ. ಒಂದೇ ಊರಿನ ದಾಖಲೆ ಇಟ್ಟುಕೊಂಡು ಕುಳಿತರೆ ಅದರಲ್ಲಿ ಆ ಊರಿನದೆಷ್ಟು, ಇಡೀ ಭೂಮಿಯದೆಷ್ಟು ಎಂದು ಹೇಳಲು ಯಾವ ಮೇಧಾವಿಗೂ ಸಾಧ್ಯವಿಲ್ಲ. ಸೂರ್ಯ ಅತ್ಯಂತ ಚುರುಕಾಗಿರುವ ಅವಧಿ ಎಂಬ ಕಾರಣಕ್ಕಾಗಿಯೇ 1957-58ನ್ನು ಆರಿಸಿದ್ದರಿಂದ, ಶತ್ರುವಿನ ನೆಲದ ಅಳತೆಯಿಲ್ಲದೆ ತಮ್ಮ ಅಳತೆಗೂ ಅರ್ಥವಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ನನ್ನ ಸೋದರಮಾವ ಒಂದು ಭೂಕಾಂತ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದರು. ಒಳಗೆ ಹೋಗುವ ಮುನ್ನ ಕೀಲಿಗೊಂಚಲು, ಕೈಗಡಿಯಾರ, ಸೊಂಟದ ಬೆಲ್ಟು ಎಲ್ಲವನ್ನೂ ಹೊರಗಿನ ಗೂಡಿನಲ್ಲಿಟ್ಟು ಹೋಗಬೇಕಿತ್ತು ಎಂದು ಅವರು ಹೇಳುತ್ತಿದ್ದರು. ಕತ್ತಲ ಕೋಣೆಯಲ್ಲಿ ತೂಗುಬಿಟ್ಟ ಸಣ್ಣ ಕಾಂತಕ್ಕೆ ಅಂಟಿಸಿದ ಕನ್ನಡಿಯಿಂದ ಬೆಳಕಿನ ಚುಕ್ಕಿಯೊಂದು ಪ್ರತಿಫಲಿಸಿ, ಗಡಿಯಾರದ ಯಂತ್ರದಿಂದ ನಿಧಾನವಾಗಿ ತಿರುಗುವ ಉರುಳೆಗೆ ಸುತ್ತಿದ ಫೋಟೋ ಕಾಗದದ ಮೇಲೆ ದಿನವಿಡೀ ಗೆರೆ ಎಳೆಯುತ್ತಿತ್ತು. ಮರುದಿನ ಅದನ್ನು ತೊಳೆದು ಒಣಗಿಸಿ, ನಮ್ಮ ಗಡಿಯಾರ ಏನೇ ತೋರಿಸಲಿ, ಅಂಚಿನಲ್ಲಿ ಗ್ರೀನ್‌ವಿಚ್ ಕಾಲವನ್ನೇ ಗುರುತಿಸುತ್ತಿದ್ದರು. ಮಾಸ್ಕೋದವನೂ ವಾಷಿಂಗ್ಟನ್ನಿನವನೂ ಅದೇ ಕಾಲವನ್ನು ಬರೆಯುತ್ತಿದ್ದ. ಸಹಕಾರ ಎಂದರೆ ನನ್ನ ಮಟ್ಟಿಗೆ ಆ ಅಂಚಿನ ಬರಹ.

ಹೀಗೆ ಕೂಡಿದ ದಾಖಲೆಗಳಿಗಾಗಿ ಅಮೆರಿಕದಲ್ಲೊಂದು, ಸೋವಿಯತ್ ಒಕ್ಕೂಟದಲ್ಲೊಂದು, ಪಶ್ಚಿಮ ಯುರೋಪು, ಜಪಾನು ಮುಂತಾದೆಡೆ ಹಂಚಿಹೋದ ಮೂರನೆಯದೊಂದು ಹೀಗೆ ವಿಶ್ವ ದತ್ತಾಂಶ ಕೇಂದ್ರಗಳನ್ನು ತೆರೆದು, ಯಾವ ದೇಶದ ವಿಜ್ಞಾನಿ ಕೇಳಿದರೂ ಪ್ರತಿ ಕೊಡಬೇಕೆಂದು ನಿಯಮ ಮಾಡಿದರು. ಒಂದು ಕೇಂದ್ರ ಹಾಳಾದರೂ ಉಳಿದವುಗಳಲ್ಲಿ ಪ್ರತಿ ಇರಲಿ ಎಂಬ ಎಚ್ಚರವೂ ಅದರಲ್ಲಿತ್ತು.

ಭಾರತದ ಪಾಲು ಚಿಕ್ಕದಲ್ಲ. ಕಾಂತದ ಮುಳ್ಳು ಮೇಲಕ್ಕೂ ಕೆಳಕ್ಕೂ ವಾಲದೆ ಮಟ್ಟಸವಾಗಿ ನಿಲ್ಲುವ ಜಾಗಗಳನ್ನು ಜೋಡಿಸುವ ಕಾಂತೀಯ ಸಮಭಾಜಕ ರೇಖೆಯ ಉದ್ದಕ್ಕೂ ಸುಮಾರು 100 ಕಿ.ಮೀ. ಎತ್ತರದಲ್ಲಿ ಹಗಲು ಹೊತ್ತು ಕಿರಿದಾದ ವಿದ್ಯುತ್ ಹೊನಲೊಂದು ಹರಿಯುತ್ತದೆ. ಭೂಭೌತ ವರ್ಷದ ಸಮಿತಿಯ ಅಧ್ಯಕ್ಷರಾಗಿದ್ದ ಸಿಡ್ನಿ ಚ್ಯಾಪ್‌ಮನ್ ಅವರೇ 1951ರಲ್ಲಿ ಅದಕ್ಕೆ ‘ಎಲೆಕ್ಟ್ರೋಜೆಟ್’ ಎಂದು ಹೆಸರಿಟ್ಟಿದ್ದರು. ಆ ರೇಖೆ ನಮ್ಮ ದಕ್ಷಿಣದ ತುದಿಯ ಬಳಿ ಹಾದುಹೋಗುವುದರಿಂದ ತಿರುವನಂತಪುರ ಮತ್ತು ಅಣ್ಣಾಮಲೈನಗರಗಳಲ್ಲಿ ಆಗ ಹೊಸ ಕಾಂತ ವೀಕ್ಷಣಾಲಯಗಳು ಆರಂಭವಾದವು. 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿಸಲು ತಿರುವನಂತಪುರದ ಬಳಿಯ ‘ತುಂಬಾ’ ಎಂಬ ಗ್ರಾಮವನ್ನು ಆರಿಸಿದ್ದಕ್ಕೂ ಅದೇ ರೇಖೆ ಕಾರಣ.

ಉತ್ತರ: ಎರಡನೇ ಓದು

ಕಾಂತಸೂಚಿಯವರು ಹೇಳಿದ್ದನ್ನು ಅಲ್ಲಗಳೆಯುವುದಿಲ್ಲ. ಆದರೆ ಮುಚ್ಚಿಟ್ಟದ್ದೇನು ಎಂಬ ಪ್ರಶ್ನೆಯನ್ನು ಅವರು ಮುಟ್ಟಲೇ ಇಲ್ಲ. ಕಾಂತದ ಗೆರೆಗಳನ್ನು ಹಂಚಿಕೊಳ್ಳುವುದು ಸುಲಭ, ಏಕೆಂದರೆ ಅದರಿಂದ ಯಾರ ಸೈನ್ಯಕ್ಕೂ ದೊಡ್ಡ ನಷ್ಟವಿಲ್ಲ. ಉಪಗ್ರಹದ ವಿಷಯ ಬಂದಾಗ ಕಥೆಯೇ ಬೇರೆಯಾಯಿತು. ಉಪಗ್ರಹಗಳು 108 ಮೆಗಾಹರ್ಟ್ಸ್‌ನಲ್ಲಿ ಸಂಕೇತ ಕಳಿಸಲಿ ಎಂದು ಸಮಿತಿ ಗೊತ್ತುಮಾಡಿತ್ತು, ಅಮೆರಿಕ ಅದಕ್ಕೆ ತಕ್ಕ ಗ್ರಾಹಕ ಕೇಂದ್ರಗಳನ್ನು ಕಟ್ಟಿಕೊಂಡಿತ್ತು. 1957ರ ಅಕ್ಟೋಬರ್ 4ರಂದು ಹಾರಿದ ಸೋವಿಯತ್ ಉಪಗ್ರಹ ಸ್ಪುಟ್ನಿಕ್ ಮಾತ್ರ 20 ಮತ್ತು 40 ಮೆಗಾಹರ್ಟ್ಸ್‌ಗಳಲ್ಲಿ ಬೀಪ್ ಎಂದಿತು. ಆ ಸಂಜೆ ವಾಷಿಂಗ್ಟನ್ನಿನ ಸೋವಿಯತ್ ರಾಯಭಾರ ಕಚೇರಿಯಲ್ಲಿ ಇದೇ ಭೂಭೌತ ವರ್ಷದ ಅತಿಥಿಗಳಿಗೆ ಔತಣ ನಡೆದಿತ್ತು. ಇಡೀ ಯೋಜನೆಯನ್ನು 1950ರಲ್ಲಿ ಮೊದಲು ಸೂಚಿಸಿದ್ದ ಲಾಯ್ಡ್ ಬರ್ಕ್‌ನರ್ ಅಲ್ಲಿಯೇ ಇದ್ದರು. ಸುದ್ದಿಯನ್ನು ಅವರಿಗೆ ತಿಳಿಸಿದವರು ಅಮೆರಿಕದ ಪತ್ರಕರ್ತರೊಬ್ಬರು. ಬರ್ಕ್‌ನರ್ ಚಪ್ಪಾಳೆ ತಟ್ಟಿ ಎಲ್ಲರ ಗಮನ ಸೆಳೆದು ಆತಿಥೇಯರನ್ನು ಅಭಿನಂದಿಸಿದರು.

ಬಚ್ಚಿಟ್ಟವರಿಗೂ ಪೆಟ್ಟು ಬಿತ್ತು ಎಂಬುದನ್ನು ಮಕ್ಕಳಿಗೆ ಹೇಳಿ. ಭೂಮಿಯನ್ನು ಸುತ್ತುವರಿದ ವಿಕಿರಣ ಪಟ್ಟಿಯೊಳಗೆ ಸ್ಪುಟ್ನಿಕ್-2 ಹಾದುಹೋದದ್ದು ಮುಖ್ಯವಾಗಿ ಆಸ್ಟ್ರೇಲಿಯಾದ ಕಡೆಯ ಆಕಾಶದಲ್ಲಿ. ಅಲ್ಲಿನವರು ಸಂಕೇತಗಳನ್ನು ದಾಖಲಿಸಿಕೊಂಡಿದ್ದರೂ ಅವನ್ನು ಬಿಡಿಸುವ ಸೂತ್ರವನ್ನು ಸೋವಿಯತ್ತಿನವರು ಕೊಡಲಿಲ್ಲ. ಕೆಲವು ತಿಂಗಳ ನಂತರ ಅಮೆರಿಕದ ಎಕ್ಸ್‌ಪ್ಲೋರರ್ ಉಪಗ್ರಹಗಳ ಗೈಗರ್ ಮಾಪಕ ವಿಕಿರಣದ ಹೊಡೆತ ತಾಳಲಾರದೆ ಸೊನ್ನೆ ತೋರಿಸಿದಾಗ ಅದರ ಅರ್ಥವನ್ನು ಜೇಮ್ಸ್ ವ್ಯಾನ್ ಅಲೆನ್ ಅವರ ತಂಡ ಬಿಡಿಸಿತು, ಪಟ್ಟಿಗೆ ಅವರ ಹೆಸರೇ ನಿಂತಿತು.

ಇನ್ನೊಂದು ಮಾತು. ತೈವಾನ್ ಪಾಲ್ಗೊಳ್ಳುತ್ತದೆ ಎಂಬ ಕಾರಣಕ್ಕೆ ಚೀನಾ ಕೊನೆ ಗಳಿಗೆಯಲ್ಲಿ ಹಿಂದೆ ಸರಿಯಿತು. 67 ದೇಶ ಎನ್ನುವಾಗ ಈ ಖಾಲಿ ಜಾಗವನ್ನೂ ಸೇರಿಸಿ ಹೇಳಿ.

ಉತ್ತರ: ಗೌರಿಬಿದನೂರಿನವ

ನಂಬಿಕೆ ಇಲ್ಲದ ಕಡೆ ಸಹಕಾರವಿರದು ಎಂಬ ಧಾಟಿ ಮೇಲಿನ ಉತ್ತರದಲ್ಲಿ ಕಾಣುತ್ತದೆ. ಅಪನಂಬಿಕೆಯೇ ಸಹಕಾರ ಹುಟ್ಟಿಸಿದ ಉದಾಹರಣೆಯೊಂದು ನಮ್ಮ ಊರಿನಲ್ಲೇ ಇದೆ. ಗೌರಿಬಿದನೂರು ಎಂದರೆ ಓದಿದವರಿಗೆ ರೇಡಿಯೋ ದೂರದರ್ಶಕ ನೆನಪಾಗುತ್ತದೆ. ಅದಕ್ಕೂ ಮೊದಲೇ, 1960ರ ದಶಕದ ನಡುವಿನಲ್ಲಿ, ಬ್ರಿಟನ್ನಿನ ಅಣುಶಕ್ತಿ ಸಂಸ್ಥೆಯ ನೆರವಿನಿಂದ ಇಲ್ಲಿ ಭೂಕಂಪಮಾಪಕಗಳ ಸಾಲನ್ನು ಹೂಳಲಾಯಿತು. ನೆಲದಡಿಯ ಅಣುಪರೀಕ್ಷೆಯನ್ನು ಯಾರಾದರೂ ಕದ್ದು ನಡೆಸಿದರೆ ಅದನ್ನು ಸಹಜ ಭೂಕಂಪದಿಂದ ಬೇರ್ಪಡಿಸಿ ಗುರುತಿಸುವುದು ಉದ್ದೇಶ. ಹೊಲಗಳ ನಡುವೆ ‘ಎಲ್’ ಆಕಾರದಲ್ಲಿ ಕಿಲೋಮೀಟರುಗಟ್ಟಲೆ ಹಬ್ಬಿದ ಇಪ್ಪತ್ತು ಮಾಪಕಗಳಿಗೆ ಕಂಪನ ಒಂದರ ಹಿಂದೊಂದು ಬಂದು ತಲುಪುವಾಗ ಆಗುವ ತಡವನ್ನು ಲೆಕ್ಕ ಹಾಕಿದರೆ, ಅದು ಯಾವ ದಿಕ್ಕಿನಿಂದ, ಎಷ್ಟು ದೂರದಿಂದ ಬಂತೆಂದು ತಿಳಿಯುತ್ತದೆ. ಇದರ ಒಡಹುಟ್ಟಿದವು ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗಾಗಳಲ್ಲಿವೆ. ಬಾಂಬಿನ ಸದ್ದಿಗೆ ಕಿವಿಗೊಟ್ಟ ಇಂಥ ಕೇಂದ್ರಗಳಿಂದ ಭೂಮಿಯ ಒಳಪದರಗಳ ಬಗ್ಗೆ ವಿಜ್ಞಾನಿಗಳು ಕಲಿತದ್ದು ಬಹಳ.

ಉತ್ತರ: ಕಾಂತಸೂಚಿ

‘ಎರಡನೇ ಓದು’ ಅವರ ಆಕ್ಷೇಪ ಸರಿಯಾಗಿಯೇ ಇದೆ, ಒಪ್ಪುತ್ತೇನೆ. ಆದರೂ ಆ ವರ್ಷದ ನಿಜವಾದ ಫಸಲು ಉಪಗ್ರಹಗಳಲ್ಲಿ ಬರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಯಾರಿಗೂ ಬೇಡವೆನಿಸುವಷ್ಟು ಸಪ್ಪೆಯಾದ ಅಳತೆಗಳಲ್ಲಿ ಅದು ಬಂತು. ಭೂಭೌತ ವರ್ಷದ ಅಂಗವಾಗಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ 1958ರ ಮಾರ್ಚಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಅಳೆಯಲು ಆರಂಭಿಸಿದಾಗ ಹತ್ತು ಲಕ್ಷಕ್ಕೆ 313 ಭಾಗ ಸಿಕ್ಕಿತು. ಈಗ ಅದು 420ನ್ನು ದಾಟಿದೆ. ಹಣದ ಕೊರತೆಯಿಂದ 1964ರಲ್ಲಿ ಕೆಲವು ತಿಂಗಳು ಅಳತೆ ನಿಂತಿತ್ತು, ಆ ಬಿರುಕು ನಕ್ಷೆಯಲ್ಲಿ ಇಂದಿಗೂ ಇದೆ. ಅದೇ ವರ್ಷಕ್ಕೆಂದು ಬ್ರಿಟನ್ ಅಂಟಾರ್ಕ್ಟಿಕದಲ್ಲಿ ತೆರೆದ ಹ್ಯಾಲಿ ಕೊಲ್ಲಿಯ ಕೇಂದ್ರದಲ್ಲಿ ಓಝೋನ್ ಅಳತೆ ಬಿಡದೆ ಸಾಗಿದ್ದರಿಂದ 1985ರಲ್ಲಿ ಓಝೋನ್ ರಂಧ್ರ ಪತ್ತೆಯಾಯಿತು. 1959ರ ಡಿಸೆಂಬರ್ 1ರಂದು 12 ದೇಶಗಳು ಅಂಟಾರ್ಕ್ಟಿಕ ಒಪ್ಪಂದಕ್ಕೆ ಸಹಿ ಹಾಕಲು ಧೈರ್ಯ ಬಂದದ್ದೂ ಅಲ್ಲಿ ಜೊತೆಗೆ ಚಳಿಗಾಲ ಕಳೆದ ಅನುಭವದಿಂದಲೇ.

ತೀರ್ಥಹಳ್ಳಿ ಮೇಷ್ಟ್ರು

ಎಲ್ಲರಿಗೂ ವಂದನೆಗಳು. ಸ್ಪುಟ್ನಿಕ್‌ನ ಔತಣ, ಚೀನಾದ ಖಾಲಿ ಜಾಗ ಎರಡನ್ನೂ ಹೇಳುತ್ತೇನೆ. ಮಾತಿನಲ್ಲಿ ಹೇಳುವುದಕ್ಕಿಂತ ಮಾಡಿಸಿ ನೋಡೋಣ ಎಂದುಕೊಂಡು ಒಂದು ಯೋಜನೆ ಹಾಕಿದ್ದೇನೆ. ಸೆಪ್ಟೆಂಬರ್ 23ರಂದು ನಾವು ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ ನಡುಹಗಲಿನ ನೆರಳನ್ನು ಅಳೆಯುತ್ತೇವೆ. ಇಲ್ಲಿ ಸುಮಾರು 24 ಸೆಂ.ಮೀ. ಬರಬೇಕು. ಬೀದರಿನಲ್ಲಿ ಸುಮಾರು 32 ಬರುತ್ತದೆ. ಅಲ್ಲಿನ ನಡುಹಗಲು ನಮಗಿಂತ ಒಂಬತ್ತು ನಿಮಿಷ ಮೊದಲೇ ಆಗುವುದರಿಂದ, ಗಡಿಯಾರದ ಹನ್ನೆರಡನ್ನು ನಂಬದೆ ಇಬ್ಬರೂ ಐದೈದು ನಿಮಿಷಕ್ಕೊಮ್ಮೆ ಗುರುತು ಹಾಕಿ, ಅತಿ ಗಿಡ್ಡ ನೆರಳನ್ನೇ ಬರೆದುಕೊಳ್ಳಬೇಕಾಗುತ್ತದೆ. ಆ ಕಡೆಯ ಶಿಕ್ಷಕರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ತಿಳಿಸಿ. ದಾಖಲೆಯ ಹಾಳೆಯ ನಮೂನೆಯನ್ನು ಮೊದಲೇ ಒಪ್ಪಿಕೊಂಡುಬಿಡೋಣ.